ಹೂರಣದ ಗಾಳ

"ಜಗ್ಗಬ್ಯಾಡ್ರಿ ಅಯ್ಯಾರ. ಅದಿನ್ನೂ ಮೂಸಿ ನೋಡಾಕ ಹತ್ತೈತಿ."

ಗದಿಗೆಯ್ಯನ ಕೈ ಆಗಲೇ ಅರ್ಧ ಮೇಲೆದ್ದಿತ್ತು. ಸಾಜಿದನ ಮಾತು ಕೇಳಿ ಅಲ್ಲೇ ನಿಂತಿತು. ಗಾಳದ ದಾರಕ್ಕೆ ಕಟ್ಟಿದ ಜೋಳದ ದಂಟಿನ ಬೆಂಡು ನೀರಿನ ಮೇಲೆ ಒಮ್ಮೆ ಅಲುಗಿ ಸುಮ್ಮನಾಯಿತು, ಮತ್ತೊಮ್ಮೆ ಅಲುಗಿತು. ತೊರಗಲ್ಲಿನ ಕೋಟೆಗುಡ್ಡದ ನೆರಳು ಮಲಪ್ರಭೆಯ ನಡುವಿನವರೆಗೂ ಚಾಚಿಕೊಂಡಿತ್ತು.

"ಈಗೇನೋ?"

"ಇನ್ನೂ ಇಲ್ಲರಿ. ತಡೀರಿ. ಹೂಂ, ಈಗ."

ಬೆಂಡು ಗುಳುಂ ಎಂದು ಒಳಗೆ ಹೋಗಿತ್ತು. ಗದಿಗೆಯ್ಯ ಎದ್ದು ನಿಂತು ಎರಡೂ ಕೈಯಿಂದ ಬಿದಿರಿನ ಕೋಲು ಎತ್ತಿದ. ಕೋಲು ಬಾಗಿತು, ಅದರ ಜೊತೆ ಅವನೂ ಬಾಗಿದ, ಕಡೆಗೆ ರೋಹು ಮೀನೊಂದು ದಂಡೆಯ ಹುಲ್ಲಿನ ಮೇಲೆ ಬಂದು ಬಿದ್ದು ಪಟಪಟ ಬಡಿದುಕೊಂಡಿತು. ಸಾಜಿದ್ ಅದನ್ನು ಗಾಳದಿಂದ ಬಿಡಿಸಿ ಚೀಲಕ್ಕೆ ಹಾಕುತ್ತ, "ಈ ಹೊಳ್ಯಾಗಿನ ಮೀನಾ ಎಲ್ಲಾ ನಿಮ್ಮ ಮಠದ ಭಕ್ತರಾಗಿ ಕುಂತಾವ ನೋಡ್ರಿ. ನನ್ನ ಎರಿಹುಳಾನ ತಿರುಗಿ ಸೈತ ನೋಡೂದಿಲ್ಲ," ಎಂದ.

ಮಾತು ಸುಳ್ಳಲ್ಲ. ಹುಳ ಮುಟ್ಟಲು ಗದಿಗೆಯ್ಯನಿಗೆ ಕೈ ಬಂದಿರಲಿಲ್ಲ. ಜಂಗಮರ ಮನೆಯ ಹುಡುಗ. ಇರುವೆ ತುಳಿದರೂ "ಶಿವಶಿವ" ಎನ್ನುವ ಅನ್ನಪೂರ್ಣಾಬಾಯಿಯ ಮಗ. ಹಾಗಾಗಿ ಒಂದು ದಿನ ಮನೆಯಲ್ಲಿ ಉಳಿದಿದ್ದ ಹೋಳಿಗೆಯ ಹೂರಣವನ್ನು ಎಲೆಯಲ್ಲಿ ಕಟ್ಟಿಕೊಂಡು ಬಂದು, ಗೋಧಿಹಿಟ್ಟಿನಲ್ಲಿ ಕಲಸಿ ಉಂಡೆ ಕಟ್ಟಿ ಗಾಳಕ್ಕೆ ಸಿಕ್ಕಿಸಿದ್ದ. ಸಾಜಿದ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಬೆಲ್ಲ, ಏಲಕ್ಕಿ, ತುಪ್ಪದ ಘಮಕ್ಕೆ ಮೀನುಗಳು ಸೋತು ಸಂಜೆಯೊಳಗೆ ಚೀಲ ತುಂಬಿದ ಮೇಲೆ ಆ ನಗು ನಿಂತಿತು. ಜಂಗಮರ ಮನೆಯಲ್ಲಿ ಹೂರಣಕ್ಕೇನು ಬರ? ಊರಲ್ಲಿ ಯಾರ ಮನೆಯಲ್ಲಿ ಹೋಳಿಗೆಯಾದರೂ ಅಯ್ಯನವರ ಮನೆಗೆ ಒಂದು ಪಾಲು ಬಂದೇ ಬರುತ್ತಿತ್ತು.

ಗಾಳ ಹಿಡಿಯುವ ಮೊದಲು ಗದಿಗೆಯ್ಯ ಒಂದು ಕೆಲಸ ಮಾಡುತ್ತಿದ್ದ. ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆಯನ್ನು ಅಂಗಿಯೊಳಗೇ ತಿರುಗಿಸಿ ಬೆನ್ನಿಗೆ ಹಾಕಿಕೊಳ್ಳುತ್ತಿದ್ದ. ಲಿಂಗಯ್ಯ ಹೊಳೆಯ ಕಡೆ ನೋಡದಿರಲಿ ಅಂತ. ಸಾಜಿದ್ ಅದನ್ನು ಕಂಡಿದ್ದ. ಚೇಷ್ಟೆಯಲ್ಲಿ ಎತ್ತಿದ ಕೈಯಾದರೂ ಅದೊಂದರ ಬಗ್ಗೆ ಬಾಯಿ ಬಿಟ್ಟಿರಲಿಲ್ಲ. ಹಿಡಿದ ಮೀನುಗಳಲ್ಲಿ ಒಂದಾದರೂ ಗದಿಗೆಯ್ಯನ ಮನೆಯ ದಾರಿ ಹಿಡಿದದ್ದಿಲ್ಲ. ಎಲ್ಲವೂ ಸಾಜಿದನ ತಾಯಿ ಮೆಹರುನಬಿಯ ಒಲೆಗೆ.

ಈ ಗದಿಗೆಯ್ಯನ ತೊಂದರೆಯೆಲ್ಲ ಗಂಟಲಿನದು. ರೋಗವಂತೂ ಅಲ್ಲ, ರಾಮದುರ್ಗದ ಡಾಕ್ಟರು ಬಾಯಿ ತೆರೆಸಿ ಬ್ಯಾಟರಿ ಬಿಟ್ಟು ನೋಡಿ ಎಲ್ಲ ಸರಿಯಿದೆ ಎಂದು ಕಳಿಸಿದ್ದರು. ಆದರೆ ನಾಲ್ಕು ಜನ ಮುಖ ನೋಡಿದರೆ ಸಾಕು, ಒಳಗೆ ಯಾರೋ ಬಾಗಿಲು ಹಾಕಿ ಅಗಳಿ ಜಡಿದಂತೆ ಆಗುತ್ತಿತ್ತು. ಕಾಲೇಜಿನಲ್ಲಿ ಹೆಸರು ಕರೆದಾಗ 'ಎಸ್ ಸರ್' ಅನ್ನಲಾಗದೆ ಎಷ್ಟೋ ದಿನ ಗೈರುಹಾಜರಾಗಿದ್ದ, ಬೆಂಚಿನ ಮೇಲೆ ಕೂತುಕೊಂಡೇ.

ಬೇರೆ ಮನೆಯಾಗಿದ್ದರೆ ಹೇಗೋ ನಡೆಯುತ್ತಿತ್ತು. ಇದು ಮಠದ ಮನೆ. ತಂದೆ ಬಸಯ್ಯನವರು ಸುತ್ತಲಿನ ಊರುಗಳಿಗೆಲ್ಲ ಲಗ್ನ, ವಾಸ್ತುಶಾಂತಿ ಮಾಡಿಸುತ್ತ ಬಂದವರು. ಅವರು ಮಂತ್ರ ಹೇಳಿದರೆ ಮೈಕಿಲ್ಲದೆ ಮೂರು ಓಣಿಗೆ ಕೇಳುತ್ತಿತ್ತು. ಅಂಥವರಿಗೆ ಲಕ್ವ ಹೊಡೆದು ನಾಲಿಗೆ ಹೊರಳದಂತಾಯಿತು. "ಇನ್ನ ನೀನ," ಎಂದು ಮಗನಿಗೆ ಅವರು ತೊದಲಿಯೇ ಹೇಳಿದರು. ಮಂತ್ರಗಳೆಲ್ಲ ಗದಿಗೆಯ್ಯನಿಗೆ ಬಾಯಿಪಾಠ. ಸಾಲಹಳ್ಳಿಯ ಒಂದು ಲಗ್ನಕ್ಕೆ ಹೋದ. ಜನ ಅಕ್ಷತೆ ಹಿಡಿದು ನಿಂತಿದ್ದರು, ಎಲ್ಲರ ಕಣ್ಣೂ ಅವನ ಬಾಯಿಯ ಮೇಲೆ. ಮೊದಲ ಸಾಲು ಮುಗಿಯುವ ಮೊದಲೇ ಗಂಟಲು ಕಟ್ಟಿತು. ಕಾದು ಕಾದು ಬ್ಯಾಂಡಿನವರು ತಮಗೆ ತಿಳಿದಂತೆ ಬಾರಿಸಿಬಿಟ್ಟರು, ಜನ ಅಕ್ಷತೆ ಹಾಕಿಬಿಟ್ಟರು. ಗದಿಗೆಯ್ಯ ಹಿತ್ತಲ ಬಾಗಿಲಿನಿಂದ ಹೊರಬಿದ್ದ. ಬಸ್ಸು ಹಿಡಿದು ಊರಿಗೆ ಬಂದವನು ಮನೆಗೆ ಹೋಗಲು ಮುಖವಿಲ್ಲದೆ ಹೊಳೆದಂಡೆಗೆ ಹೋಗಿ ಕೂತ.

ಅಲ್ಲಿ ಸಾಜಿದ್ ಇದ್ದ. ಇವನದೇ ವಾರಿಗೆಯವನು, ಟೆಂಪೋ ಡ್ರೈವರ್. ಬಾಡಿಗೆ ಇಲ್ಲದ ಹೊತ್ತಿನಲ್ಲಿ ಗಾಳ ಹಾಕಿ ಕೂರುವುದು ಅವನ ಚಟ. ರೇಷ್ಮೆ ಶಲ್ಯ ಹೊದ್ದುಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದ ಅಯ್ಯನವರನ್ನು ಅವನು ಕಂಡೂ ಕಾಣದಂತೆ, ನೀರಿನ ಕಡೆಗೇ ಮುಖ ಮಾಡಿಕೊಂಡು, "ಅಯ್ಯಾರ, ಒಂದ ಗಳಿಗಿ ಇದನ್ನ ಹಿಡೀರಿ. ನಾ ಬೀಡಿ ಹಚ್ಚಕೊಂತೇನಿ," ಎಂದ.

ಶುರುವಾದದ್ದು ಹೀಗೆ. ಗಾಳ ಹಾಕಿ ಕೂತವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಇಬ್ಬರ ಕಣ್ಣೂ ಬೆಂಡಿನ ಮೇಲೆ. ಗದಿಗೆಯ್ಯ ಆ ಬೆಂಡಿಗೇ ಹೇಳುತ್ತಿದ್ದಾನೋ ಎಂಬಂತೆ ಸಾಲಹಳ್ಳಿಯ ಕಥೆಯನ್ನೆಲ್ಲ ಹೇಳಿಕೊಂಡ. ಎಲ್ಲಿಯೂ ಗಂಟಲು ಕಟ್ಟಲಿಲ್ಲ.

ಸಾಜಿದ್ ಹೊಗೆ ಬಿಟ್ಟು ಕೇಳಿದ: "ಲಗ್ನಾ ಆತಿಲ್ಲೋ?"

"ಆತು."

"ಮತ್ತೇನ್ರಿ? ಗಂಡಾ ಹೇಣ್ತಿ ಜಗಳಾ ಸುರು ಮಾಡಿದ್ರ ಮಂತ್ರಾ ಬರೋಬ್ಬರಿ ಮುಟ್ಟೇತಿ ಅಂತ ತಿಳೀರಿ."

ಗದಿಗೆಯ್ಯ ನಕ್ಕ. ಎಷ್ಟು ದಿನಗಳ ಮೇಲೆ ನಕ್ಕಿದ್ದನೋ ಅವನಿಗೇ ನೆನಪಿರಲಿಲ್ಲ. ಅಲ್ಲಿಯವರೆಗೆ ಅವನಿಗೆ ಗೆಳೆಯ ಅಂತ ಒಬ್ಬನಿರಲಿಲ್ಲ. ಜೊತೆಗೆ ಓದುವ ಹುಡುಗರ ತಂದೆ ತಾಯಿಗಳು ದಾರಿಯಲ್ಲಿ ಕಂಡರೆ ಚಪ್ಪಲಿ ಬಿಟ್ಟು ಅವನ ಕಾಲು ಮುಟ್ಟುತ್ತಿದ್ದರು. ಹಾಗೆ ಮುಟ್ಟಿದವರ ಮಕ್ಕಳ ಜೊತೆ ಗೋಲಿ ಆಡುವುದು ಹೇಗೆ? ಸಾಜಿದನೂ ಅವನನ್ನು ಅಯ್ಯಾರ ಎಂದೇ ಕರೆಯುತ್ತಿದ್ದ. ಆದರೆ ಮೀನು ತಪ್ಪಿಸಿಕೊಂಡಾಗ ಅದೇ ಅಯ್ಯಾರನ್ನು ಬಾಯಿಗೆ ಬಂದಂತೆ ಬೈಯುತ್ತಲೂ ಇದ್ದ. ಆ ಬೈಗುಳಕ್ಕಾಗಿಯೇ ಗದಿಗೆಯ್ಯ ಮಧ್ಯಾಹ್ನ ಯಾವಾಗ ಆದೀತೆಂದು ಕಾಯುತ್ತಿದ್ದ.

ರೋಹು ಚೀಲ ಸೇರಿದ ಆ ಮಧ್ಯಾಹ್ನವೇ ರಾಮಲಿಂಗಪ್ಪ ಬಂದದ್ದು. ಊರಲ್ಲಿ ಗೊಬ್ಬರದ ಅಂಗಡಿ ಇಟ್ಟ ಸಾವಕಾರ, ಮಠದ ದೊಡ್ಡ ಭಕ್ತ. ಹೊಸ ಮನೆ ಕಟ್ಟಿಸಿದ್ದ. ವಾಸ್ತುಶಾಂತಿಗೆ ನೀವೇ ಬರಬೇಕು ಅಂತ ಹಿಂದಿನ ದಿನವಷ್ಟೇ ಬಸಯ್ಯನವರ ಮನೆಗೆ ಬಂದು ಗದಿಗೆಯ್ಯನಿಗೆ ಎಲೆ ಅಡಿಕೆ ಕೊಟ್ಟು ಹೋಗಿದ್ದ. ಹೊಳೆಗಿಟ್ಟ ತನ್ನ ಪಂಪ್‌ಸೆಟ್ಟು ನೋಡಲು ಮೋಟರ್‌ಸೈಕಲ್ ನಿಲ್ಲಿಸಿ ಇಳಿದವನಿಗೆ ಕಂಡದ್ದು ಅದೇ ಅಯ್ಯನವರು, ಕೈಯಲ್ಲಿ ಬಿದಿರ ಕೋಲು, ಕೋಲಿನ ತುದಿಗೆ ಒದ್ದಾಡುವ ಇನ್ನೊಂದು ಮೀನು.

"ಅಯ್ಯಾರ, ಇದೇನರಿ ಇದು?"

ಗದಿಗೆಯ್ಯನ ಗಂಟಲು ಕಟ್ಟಿತು. ಸಾಜಿದ್ ತಟ್ಟನೆ ಎದ್ದು ಕೋಲು ಕಿತ್ತುಕೊಂಡ. "ನಂದರಿ ಸಾವಕಾರ್ರ ಗಾಳ. ಬೀಡಿ ಹಚ್ಚಕೊಂತೇನಿ, ಒಂದ ಗಳಿಗಿ ಹಿಡೀರಿ ಅಂದೆ. ಅವರಿಗೇನ ಗೊತ್ತರಿ ಇದೆಲ್ಲಾ."

"ಹೌದೇನರಿ ಅಯ್ಯಾರ?"

ರಾಮಲಿಂಗಪ್ಪ ನೆಟ್ಟ ಕಣ್ಣು ಕೀಳದೆ ನೋಡುತ್ತಿದ್ದ. ಅಲ್ಲ ಅನ್ನಬೇಕೆಂದು ಗದಿಗೆಯ್ಯನಿಗಿತ್ತು. ಮಾತು ಬರಲಿಲ್ಲ, ನಿಜ. ಆದರೆ ಮಾತು ಬರದಿದ್ದರೆ ಸುಮ್ಮನಿರಬಹುದಿತ್ತಲ್ಲ? ಅವನ ತಲೆ ಹೌದೆಂದು ಆಡಿತು. ಒಮ್ಮೆಯಲ್ಲ, ಎರಡು ಸಲ ಆಡಿತು.

ರಾಮಲಿಂಗಪ್ಪ ಸಾಜಿದನ ಕೈಯಿಂದ ಕೋಲು ಕಸಿದು ಮೊಣಕಾಲಿಗೆ ಕೊಟ್ಟು ಮುರಿದ. "ಬುದ್ಧಿ ಐತೇನಲೇ ನಿನಗ? ಯಾರ ಕೈಯಾಗ ಏನ ಕೊಡಬೇಕು ತಿಳಿಯೂದಿಲ್ಲ? ಬರೂ ವಾರ ನನ್ನ ಮನ್ಯಾಗ ಕಳಸಾ ಮುಟ್ಟೂ ಕೈ ಅವು. ಇನ್ನೊಮ್ಮೆ ಈ ದಂಡಿಗೆ ಕಾಲಿಟ್ಟಿ ಅಂದ್ರ ನೆಟ್ಟಗಾಗೂದಿಲ್ಲ ನೋಡ." ಆಮೇಲೆ ಅಯ್ಯನವರನ್ನು ಭಯಭಕ್ತಿಯಿಂದ ಮೋಟರ್‌ಸೈಕಲ್ಲಿನ ಹಿಂದೆ ಕೂರಿಸಿಕೊಂಡ. ಗದಿಗೆಯ್ಯ ಹೊರಳಿ ನೋಡಿದಾಗ ಸಾಜಿದ್ ಬಗ್ಗಿ ಮುರಿದ ಬಿದಿರಿನಿಂದ ದಾರ ಬಿಚ್ಚಿಕೊಳ್ಳುತ್ತಿದ್ದ.

ಮರುದಿನ ಬಸ್‌ಸ್ಟ್ಯಾಂಡಿನ ಹತ್ತಿರ ಸಾಜಿದ್ ಟೆಂಪೋದ ಗಾಜು ಒರೆಸುತ್ತಿದ್ದುದನ್ನು ನೋಡಿ ಗದಿಗೆಯ್ಯ ಹೋದ. "ಶರಣರಿ ಅಯ್ಯಾರ," ಎಂದು ಸಾಜಿದ್ ಅರಿವೆ ಬದಿಗಿಟ್ಟು ಕೈಮುಗಿದ. ಮೊದಲು ಹೀಗೆ ಕೈಮುಗಿಯುತ್ತಿರಲಿಲ್ಲ. ಚಹಾದಂಗಡಿಯ ಮುಂದೆ ಕೂತವರೆಲ್ಲ ಇತ್ತ ನೋಡುತ್ತಿದ್ದರು. ಗದಿಗೆಯ್ಯ ಬಾಯಿ ತೆರೆದ, ಮುಚ್ಚಿದ.

"ಇರಲಿ ಬಿಡ್ರಿ," ಎಂದ ಸಾಜಿದ್ ಸಣ್ಣ ದನಿಯಲ್ಲಿ. "ಸಿಟ್ಟಿಲ್ಲ ನನಗ. ಸುಳ್ಳ ಹೇಳಿದಾಂವ ನಾನ ಅಲ್ಲೇನ್ರಿ. ಆದ್ರ ನೀವು ತಲಿ ಆಡಿಸಿದ್ದು ನೋಡಿ ಖರೇ ಹೇಳಬೇಕಂದ್ರ ಭಾಳ ಬ್ಯಾಸರಾತು. ನೀವು ಹೊಳಿಗೆ ಬರಬ್ಯಾಡ್ರಿ ಇನ್ನ. ನಾನೂ ಬರೂದಿಲ್ಲ."

ಮನೆಯಲ್ಲಿ ಬಸಯ್ಯನವರಿಗೆ ಬೇರೆಯದೇ ಚಿಂತೆ. ದಿನವೂ ಮಗನನ್ನು ಎದುರಿಗೆ ಕೂರಿಸಿಕೊಂಡು ಮಂತ್ರ ಹೇಳಿಸಿದರು. ರಾಮಲಿಂಗಪ್ಪನ ಮನೆಯದೂ ಕೆಟ್ಟರೆ ಊರಿನವರು ಯರಗಟ್ಟಿಯ ಅಯ್ಯನವರನ್ನು ಕರೆಸತೊಡಗುತ್ತಾರೆ. ಒಮ್ಮೆ ಕೈಬಿಟ್ಟ ಮನೆಗಳು ಮತ್ತೆ ಬರುವುದಿಲ್ಲ. ಇದನ್ನು ಅವರು ತೊದಲುತ್ತ ಎಷ್ಟು ಸಲ ಹೇಳಿದರೆಂದರೆ ಅನ್ನಪೂರ್ಣಾಬಾಯಿ ಸೆರಗು ಬಾಯಿಗೆ ಹಚ್ಚಿಕೊಂಡು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ವಾಸ್ತುಶಾಂತಿಯ ದಿನ ರಾಮಲಿಂಗಪ್ಪನ ತಾಯಿ ಕೃಷ್ಣವ್ವ ಹೊಸ ಹೊಸ್ತಿಲ ಹೊರಗೆ ಗದಿಗೆಯ್ಯನ ಕಾಲು ತೊಳೆದಳು. ಮಗನಿಗಿಂತ ಗಟ್ಟಿ ಮುದುಕಿ, ಆ ಮನೆಯಲ್ಲಿ ಅವಳದೇ ಮಾತು. ಪಾದಕ್ಕೆ ವಿಭೂತಿ ಹಚ್ಚುವಾಗ ಅವನು ಮೊದಲ ಸಾಲನ್ನೇ ತುಟಿಯಲ್ಲಿ ಮತ್ತೆ ಮತ್ತೆ ಹೇಳಿಕೊಳ್ಳುತ್ತಿರುವುದು ಅವಳಿಗೆ ಕಂಡಿತು. "ನಿಮ್ಮ ಮುತ್ತ್ಯಾರೂ ಮಾತ ಕಡಿಮಿ ಇದ್ರು ಅಯ್ಯಾರ," ಎಂದಳು. "ಅವಸರಾ ಮಾಡಬ್ಯಾಡ್ರಿ. ದೇವರಿಗೆ ಬಸ್ಸ ಹಿಡಿಯೂದೈತೇನ್ರಿ?"

ಗದಿಗೆಯ್ಯ ಕಳಸದ ಮುಂದೆ ಕೂತ. ಸುತ್ತ ಕಣ್ಣೇ ಕಣ್ಣು. ಅವನು ಯಾರನ್ನೂ ನೋಡಲಿಲ್ಲ. ಕಳಸದ ಪಕ್ಕದ ತಂಬಿಗೆಯ ನೀರಿನ ಮೇಲೆ ಉದುರಿಬಿದ್ದ ಒಂದು ಸೇವಂತಿಗೆ ಎಸಳು ತೇಲುತ್ತಿತ್ತು. ಅದು ಅಲುಗುವುದನ್ನೇ ನೋಡುತ್ತ ಮೊದಲ ಸಾಲು ಹೇಳಿದ. ಎರಡನೆಯದು ಬಂತು. ಮೂರನೆಯದಕ್ಕೆ ದನಿ ಬಿಚ್ಚಿಕೊಂಡಿತು, ಆಮೇಲೆ ನಿಲ್ಲಲೇ ಇಲ್ಲ. "ಬಸಯ್ಯನವರ ದನೀನ ಇದು, ಬರೋಬ್ಬರಿ," ಎಂದು ಹಿಂದಿನಿಂದ ಯಾರೋ ಅಂದರು. ರಾಮಲಿಂಗಪ್ಪ ಮಠದ ಮನೆಗೆ ಫೋನು ಹಚ್ಚಿ ಮೊಬೈಲನ್ನು ಮಂತ್ರದ ಕಡೆ ಹಿಡಿದುಕೊಂಡೇ ನಿಂತಿದ್ದ. ಪೂಜೆ ಮುಗಿದ ಮೇಲೆ ಫೋನಿನಲ್ಲಿ ಬಸಯ್ಯನವರ ಮಾತು ಕೇಳಲಿಲ್ಲ, ಅಳು ಕೇಳಿತು.

ಊಟಕ್ಕೆ ಪಡಸಾಲೆಯ ತುಂಬ ಪಂಕ್ತಿ ಹಾಕಿದ್ದರು. ಮೊದಲ ಎಲೆ ಅಯ್ಯನವರದು. ಅಯ್ಯನವರು ತುತ್ತು ಮುರಿಯುವವರೆಗೆ ಯಾರೂ ಎಲೆಗೆ ಕೈ ಹಚ್ಚುವಂತಿಲ್ಲ. ಅವರು ಉಂಡರೆ ಮನೆ ತುಂಬಿದಂತೆ. ಹೋಳಿಗೆ, ಬದನೆಕಾಯಿ ಪಲ್ಯ, ಕೋಸಂಬರಿ, ಅನ್ನ, ಕಟ್ಟಿನ ಸಾರು ಎಲ್ಲ ಬಂತು. ಅಷ್ಟರಲ್ಲಿ ಬಾಗಿಲಿನಲ್ಲಿ ರಾಮಲಿಂಗಪ್ಪನ ಮಾತು ಕೇಳಿಸಿತು.

"ನೀ ಗಾಡ್ಯಾಗ ಇರಲೇ. ಪಂಕ್ತಿ ಎದ್ದ ಮ್ಯಾಲ ಕಟ್ಟಿ ಕೊಡ್ತಾರ."

"ಆತರಿ ಸಾವಕಾರ್ರ. ಬುತ್ತಿ ತಂದೇನಿ."

ಸಾಜಿದ್. ಅಡುಗೆಯ ದೊಡ್ಡ ಪಾತ್ರೆಗಳನ್ನೆಲ್ಲ ರಾಮದುರ್ಗದಿಂದ ಹೇರಿಕೊಂಡು ಬಂದವನು ಅವನೇ. ಊರಲ್ಲಿ ಯಾರ ಮನೆಯ ಪಂಕ್ತಿಯಲ್ಲೂ ಸಾಜಿದನನ್ನು ಹೊರಗೆ ಕೂರಿಸಿದ್ದಿಲ್ಲ. ಇದೇ ರಾಮಲಿಂಗಪ್ಪನ ತಂಗಿಯ ಲಗ್ನದಲ್ಲಿ ಅವನು ಪೈಜು ಕಟ್ಟಿ ಹೋಳಿಗೆ ತಿಂದು ಗೆದ್ದಿದ್ದ. ಇವತ್ತು ಹೊರಗಿರು ಅಂದದ್ದು ಗಾಳದ ಸಲುವಾಗಿ. ಯಾರ ಗಾಳ ಎಂಬುದು ಮೊದಲ ಎಲೆಯ ಮುಂದೆ ಕೂತವನಿಗೆ ಗೊತ್ತಿತ್ತು.

ಗದಿಗೆಯ್ಯ ಏನೂ ತೀರ್ಮಾನ ಮಾಡಿ ಕೂತವನಲ್ಲ. ಅವನ ಕೈ ಎಲೆಗೆ ಹೋಗಲಿಲ್ಲ, ಅಷ್ಟೇ. ಜನ ಕಾದರು. ತುಪ್ಪದ ಗಿಂಡಿ ಹಿಡಿದವನು ಇನ್ನೊಂದಿಷ್ಟು ಬಡಿಸಿದ. ರಾಮಲಿಂಗಪ್ಪ ಕಾಣಿಕೆ ಕಡಿಮೆಯಾಯಿತೆಂದು ಬಗೆದು ಎಲೆಯ ಪಕ್ಕ ಇನ್ನೊಂದು ನೋಟು ಇಟ್ಟ. ಉಪ್ಪು ಹಾಕಿಲ್ಲವೇ ಎಂದು ಯಾರೋ ಓಡಿ ಹೋಗಿ ಉಪ್ಪು ತಂದರು. ಕೂಸೊಂದು ಹೋಳಿಗೆಗೆ ಕೈ ಚಾಚಿ ತಾಯಿಯಿಂದ ಏಟು ತಿಂದು ಅಳತೊಡಗಿತು.

"ಏನ ತಪ್ಪಾತರಿ ಅಯ್ಯಾರ?" ರಾಮಲಿಂಗಪ್ಪ ಎದುರಿಗೆ ಕುಕ್ಕರಗಾಲಿನಲ್ಲಿ ಕೂತ. "ತಗೋಳ್ರಿ. ಆರಾಕ ಹತ್ತೈತಿ."

ಎಲ್ಲರೂ ನೋಡುತ್ತಿದ್ದರು. ನೋಡಿಕೊಳ್ಳಲು ಈಗ ಕಳಸವೂ ಇರಲಿಲ್ಲ, ಎಸಳೂ ಇರಲಿಲ್ಲ. ಗದಿಗೆಯ್ಯ ರಾಮಲಿಂಗಪ್ಪನ ಮುಖವನ್ನೇ ನೋಡಿದ.

"ಗಾಳ ನಂದ," ಎಂದ.

"ಏನಂದ್ರಿ?"

"ಹೊಳ್ಯಾಗಿನ ಗಾಳ ನಂದ. ಮೀನಾ ಹಿಡದಾಂವ ನಾ. ಅವತ್ತ ನಾ ತಲಿ ಆಡಿಸಿದ್ದು ಸುಳ್ಳು." ಬೆಳಿಗ್ಗೆ ಮಂತ್ರ ಹೇಳಿ ಸಡಿಲಾಗಿದ್ದ ದನಿ, ಕಡೆಯ ಎಲೆಯವರೆಗೂ ಕೇಳಿತು. "ಸಾಜಿದನ್ನ ಒಳಗ ಕರೀರಿ."

ರಾಮಲಿಂಗಪ್ಪನ ಮುಖ ಕಪ್ಪಿಟ್ಟಿತು. ಸುತ್ತ ಒಮ್ಮೆ ನೋಡಿ ದನಿ ಇಳಿಸಿದ. "ಅದನ್ನೆಲ್ಲಾ ಆಮ್ಯಾಲ ಮಾತಾಡೂಣ್ರಿ. ಎಲ್ಲಾರ ಮುಂದ ಅವಗ ಒಮ್ಮೆ ಹೇಳಿಬಿಟ್ಟೇನಿ, ಈಗ ಕರದ್ರ ನನ್ನ ಮರ್ಯಾದಿ ಏನ ಉಳೀತು? ಕೈ ಹಚ್ಚರಿ ಮೊದಲ, ನಿಮ್ಮ ಕಾಲ ಹಿಡೀತೇನಿ."

ಗದಿಗೆಯ್ಯ ಎದ್ದ.

ವಾಸ್ತುವಿನ ದಿನ ಅಯ್ಯನವರು ಬಡಿಸಿದ ಎಲೆ ಬಿಟ್ಟು ಏಳುವುದೆಂದರೆ ಆ ಮನೆಗೆ ಅದಕ್ಕಿಂತ ಕೇಡು ಬೇರೆಯಿಲ್ಲ. "ಯರಗಟ್ಟಿಯವರನ್ನ ಕರಸ್ರಿ ಅಂತ ನಾ ಮದಲ ಬಡಕೊಂಡ್ನೆಪಾ," ಎಂದು ನಡುವಿನ ಸಾಲಿನಲ್ಲಿ ನೆರೆಮನೆಯ ಹಣಮಂತಪ್ಪ ಪಿಸುಗುಟ್ಟಿದ್ದು ಗದಿಗೆಯ್ಯನಿಗೂ ಕೇಳಿತು. ಅಪ್ಪನ ನೆನಪಾಯಿತು. ಆದರೂ ಅವನು ಎಲೆಗಳ ನಡುವೆ ಯಾರನ್ನೂ ತುಳಿಯದಂತೆ ಕಾಲಿಡುತ್ತ ಹೊರಗೆ ನಡೆದ.

ಟೆಂಪೋ ಅಂಗಳದ ಬೇವಿನ ಮರದ ಕೆಳಗಿತ್ತು. ಹಿಂದಿನ ಹಲಗೆ ಇಳಿಸಿ ಅದರ ಮೇಲೆ ಕೂತಿದ್ದ ಸಾಜಿದ್ ಬುತ್ತಿಯ ಡಬ್ಬಿ ಬಿಚ್ಚಿದ್ದ. ಶಲ್ಯ ಎಳೆದುಕೊಂಡು ಬರುತ್ತಿದ್ದ ಅಯ್ಯನವರನ್ನು ನೋಡಿ ಗಾಬರಿಯಾದ.

"ಏನ ಮಾಡಾಕ ಹತ್ತೀರಿ ನೀವು? ಒಳಗ ನಡೀರಿ. ನನ್ನ ಸಲುವಾಗಿ ಇದೆಲ್ಲಾ ಬ್ಯಾಡ್ರಿ ಅಯ್ಯಾರ. ನಾಳೆ ನಿಮ್ಮನ್ನ ಯಾರೂ ಕರಿಯೂದಿಲ್ಲ."

"ಅತ್ತಾಗ ಸರೀ."

"ಅಯ್ಯಾರ..."

"ಹಸಿವಾಗೇತೋ ಮಾರಾಯಾ. ಮುಂಜಾನಿಂದ ಉಪಾಸ ಅದೇನಿ. ಸರೀ ಅಂದ್ರ."

ಸಾಜಿದ್ ಸರಿದ. ಗದಿಗೆಯ್ಯ ಹಲಗೆಯ ಮೇಲೆ ಹತ್ತಿ ಕೂತ. ಡಬ್ಬಿಯ ಮೇಲಿನ ತಟ್ಟೆಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಇತ್ತು. ಕೆಳಗಿನ ಡಬ್ಬಿಯ ಬಾಯಿಗೆ ಸಾಜಿದ್ ಗಡಬಡಿಸಿ ಅಂಗೈ ಮುಚ್ಚಿದ.

"ಇದರಾಗ ಮೀನಾ ಅದಾವರಿ."

"ಅದನ್ನ ನೀ ತಿನ್ನು. ನನಗ ರೊಟ್ಟಿ ಕೊಡು."

ಸಾಜಿದ್ ಕೊಡಲಿಲ್ಲ. ಅವನಿಗೆ ಕೊಡುವ ಧೈರ್ಯ ಬರಲಿಲ್ಲ. ಗದಿಗೆಯ್ಯ ತಾನೇ ಕೈ ಹಾಕಿ ರೊಟ್ಟಿಯ ಒಂದು ಚೂರು ಮುರಿದು, ಹಿಂಡಿ ಹಚ್ಚಿ ಬಾಯಿಗಿಟ್ಟುಕೊಂಡ. ಅಗಿದ, ಮತ್ತೂ ಅಗಿದ. ಕಣ್ಣಲ್ಲಿ ನೀರು ಬಂದದ್ದು ಹಿಂಡಿಯ ಖಾರಕ್ಕೋ ಏನೋ, ಒರೆಸಿಕೊಳ್ಳಲಿಲ್ಲ.

ಕೃಷ್ಣವ್ವ ಹೊಸ್ತಿಲ ಮೇಲೆ ಬಂದು ನಿಂತಿದ್ದಳು. ಯಾವಾಗ ಬಂದಳೋ ಯಾರಿಗೂ ತಿಳಿಯಲಿಲ್ಲ. ಅವಳ ಹಿಂದೆ ರಾಮಲಿಂಗಪ್ಪ, ಅವನ ಹಿಂದೆ ಕತ್ತು ಚಾಚಿದ ಮಂದಿ. ಮುದುಕಿ ಬಿಸಿಲಿಗೆ ಕೈ ಅಡ್ಡ ಹಿಡಿದು ಟೆಂಪೋದ ಕಡೆ ನೋಡಿದಳು. ಗದಿಗೆಯ್ಯ ತುತ್ತು ನುಂಗುವವರೆಗೂ ನೋಡಿದಳು. ಆಮೇಲೆ ಒಳಗೆ ಮುಖ ತಿರುಗಿಸಿದಳು.

"ಅಯ್ಯಾರು ಉಣ್ಣಾಕ ಹತ್ತ್ಯಾರ. ನೀವೂ ಎಲ್ಲಾರೂ ಕೈ ಹಚ್ಚರಿ."

"ಯವ್ವಾ, ಅವರು ಅಲ್ಲಿ..." ಎಂದ ರಾಮಲಿಂಗಪ್ಪ.

"ಎಲ್ಲಿ ಕುಂತ್ರ ಏನೋ? ನಮ್ಮ ಅಂಗಳದಾಗ ಅದಾರಿಲ್ಲೋ. ತುಪ್ಪಾ ಬಡಸ್ ಹೋಗು, ಹುಡುಗರು ಎಷ್ಟೊತ್ತ ಕಾಯಬೇಕು."

ಒಳಗೆ ಒಂದು ಲೋಟ ನೆಲಕ್ಕೆ ತಾಗಿದ ಸದ್ದು, ಯಾರೋ ಸಾರು ಕೇಳಿದ್ದು, ಅಳುತ್ತಿದ್ದ ಕೂಸು ಸುಮ್ಮನಾದದ್ದು, ನೋಡನೋಡುತ್ತ ಪಂಕ್ತಿಯ ಗದ್ದಲ ಪಡಸಾಲೆ ತುಂಬಿ ಕಿಟಕಿಯಿಂದ ಹೊರಗೆ ಬಂತು.

ಸಾಜಿದ್ ಒಂದು ಕೈಯನ್ನು ಇನ್ನೂ ಮೀನಿನ ಡಬ್ಬಿಯ ಮೇಲೆ ಭದ್ರವಾಗಿ ಮುಚ್ಚಿಕೊಂಡೇ, ಇನ್ನೊಂದು ಕೈಯಿಂದ ಉಳಿದ ರೊಟ್ಟಿಯನ್ನು ಮುರಿದು, ದೊಡ್ಡ ಚೂರನ್ನು ಗದಿಗೆಯ್ಯನ ಕಡೆ ಚಾಚಿದ.